ಮಾವನ ಮೆಷಿನ್ನು

ಮನೆ ಸುಮ್ಮನಿತ್ತು. ವರ್ಷಗಟ್ಟಲೆ ಬೇಕು ಬೇಕು ಎಂದು ಹಲುಬಿ, ಜಗಳವಾಡಿ, ಮುಖ ಊದಿಸಿಕೊಂಡು ಗಿಟ್ಟಿಸಿದ ನಿಶ್ಶಬ್ದ ಕೊನೆಗೂ ಬಂದು ಮನೆಯೊಳಗೆ ಕಾಲು ಚಾಚಿ ಕೂತಿತ್ತು. ಅದೂ ಸಂಜೆ ಅವನ ಸಂಗೀತದ ಕಾರ್ಯಕ್ರಮವಿರುವ ದಿನವೇ. ಆದರೆ ಹಲ್ಲುಜ್ಜಲು ನಿಂತವನಿಗೆ ತನ್ನ ಬ್ರಷ್ಷಿನ ಸದ್ದೇ ತಲೆಯೊಳಗೆ ಯಾರೋ ನೆಲ ತಿಕ್ಕುತ್ತಿರುವಷ್ಟು ಜೋರಾಗಿ ಕೇಳಿಸಿ ರೇಗಿಹೋಯಿತು. ಬಾಯಿ ಮುಕ್ಕಳಿಸಿ ನಲ್ಲಿ ನಿಲ್ಲಿಸಿದ. ಕೊನೆಯ ಹನಿ ಬಿದ್ದ ಮೇಲೆ ಏನೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಮಂಚ ಖಾಲಿ, ಮಾವ ಕೂರುತ್ತಿದ್ದ ಕಡೆ ಹಾಸಿಗೆಯಲ್ಲೊಂದು ತಗ್ಗು, ಗೋಡೆಯ ಪಕ್ಕ ಅವರ ಆಕ್ಸಿಜನ್ ಮೆಷಿನ್ನಿನ ಚಕ್ರಗಳು ನೆಲದ ಮೇಲೆ ಬಿಟ್ಟುಹೋದ ಗೀರು. ಹಗಲೂ ರಾತ್ರಿ ಒಂದೇ ಸಮನೆ ಗುನುಗುತ್ತ, ನಡುನಡುವೆ ಪುಸ್ ಎಂದು ಉಸಿರು ಬಿಟ್ಟು, ಒಮ್ಮೊಮ್ಮೆ ಬಿಕ್ಕಿದ ಹಾಗೆ ತಡವರಿಸಿ ಮತ್ತೆ ಗುನುಗಲು ಹಿಡಿಯುತ್ತಿದ್ದ ಆ ಡಬ್ಬವನ್ನು ನಿನ್ನೆ ಸಂಜೆ ಭಾವಮೈದ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮಗುವಿಗೆ ಹಾಕುವ ಹಾಗೆ ಬೆಲ್ಟು ಹಾಕಿದ್ದ. ಪಕ್ಕದಲ್ಲಿ ಮಾವ, ದಾರಿಗೆಂದು ತರಿಸಿದ್ದ ಸಣ್ಣ ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು. ರೈಲು ನಿಲ್ದಾಣದ ಮೈಕಿನಲ್ಲಿ ಕೂಗಿ ಕೂಗಿ ಆಯಸ್ಸು ಸವೆಸಿದ ಮನುಷ್ಯ. ಉಸಿರು ಕುಗ್ಗಿದ ಮೇಲೂ ಆ ವರಸೆ ಹೋಗಿರಲಿಲ್ಲ. ಕಿಟಕಿಯ ಗಾಜಿಳಿಸಿ, “ಪ್ರಯಾಣಿಕರ ಗಮನಕ್ಕೆ,” ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, “ಅಳಿಯಂದಿರ ಮನೆಯಿಂದ ಮಗನ ಮನೆಗೆ ಹೋಗುವ ಗಾಡಿ,” ಮತ್ತೆ ಉಸಿರು, “ಹೊರಡಲು ಸಿದ್ಧವಾಗಿದೆ,” ಎಂದಿದ್ದರು. ಗೇಟಿನ ಬಳಿ ನಿಂತಿದ್ದ ಅಳಿಯ ನಕ್ಕಿದ್ದ. ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ ನಕ್ಕಿದ್ದ. ಕಾರು ತಿರುವಿನಲ್ಲಿ ಮರೆಯಾಗುವ ಮೊದಲೇ ಒಳಗೆ ಬಂದುಬಿಟ್ಟಿದ್ದ.

“ಈಗ ಆರಾಮಾ?” ಎಂದಳು ಹೆಂಡತಿ, ಬ್ಯಾಂಕಿಗೆ ಹೊರಡುವ ಸೀರೆಯಲ್ಲಿ.

“ಕಾರ್ಯಕ್ರಮ ಮುಗಿಯೋವರೆಗೆ ಮಾತ್ರ ಅಂದಿದ್ದೆ ನಾನು.”

“ಯಾವ ಕಾರ್ಯಕ್ರಮ? ಇದಾ, ಇದರ ಮುಂದಿಂದಾ, ಅದರ ಮುಂದಿಂದಾ?”

“ನೋಡು, ಬೆಳಬೆಳಿಗ್ಗೆ ಶುರು ಮಾಡ್ಬೇಡ.”

“ನಾನೆಲ್ಲಿ ಮಾತಾಡ್ತಿದೀನಿ? ಸದ್ದೇ ಮಾಡ್ತಿಲ್ಲ ನೋಡು.” ಹಾಗಂದು ಕಾಫಿ ಲೋಟವನ್ನು ಹತ್ತಿಯ ಮೇಲಿಡುವ ಹಾಗೆ ಮೇಜಿನ ಮೇಲಿಟ್ಟಳು. ಅವಳ ಸಿಟ್ಟು ಯಾವಾಗಲೂ ಹೀಗೆಯೇ. ಪಾತ್ರೆ ಎಸೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಪಾತ್ರೆ ಎಸೆಯುವುದು ಒಂದು ಶಬ್ದ, ಶಬ್ದದ ಜೊತೆ ಹೇಗೆ ವ್ಯವಹರಿಸಬೇಕೆಂದು ಅವನಿಗೆ ಗೊತ್ತು. “ಗಂಡನ್ನ ಹೀಗೆ ನೀನು ತಾನು ಅಂತೀಯಲ್ಲೇ” ಎಂದು ಮಾವ ಮಗಳನ್ನು ಬೈಯುವ ಹೊತ್ತು ಇದು. ಬೈಯಲು ಅವರೇ ಇಲ್ಲದೆ ಆ ಜಾಗವೂ ಖಾಲಿ ಬಿತ್ತು. ಅವಳು ಬಾಗಿಲನ್ನೂ ಮೆತ್ತಗೆ ಎಳೆದುಕೊಂಡು ಹೋದಳು.

ಅವನ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಹಳೆಯ ಹಾಸಿಗೆಯೊಂದನ್ನು ಮೊಳೆ ಹೊಡೆದು ಕೂರಿಸಲಾಗಿತ್ತು. ಮೊಳೆ ಹೊಡೆದವನು ಅವನೇ, ಮಾವ ಆ ಮೆಷಿನ್ನಿನ ಸಮೇತ ಈ ಮನೆಗೆ ಬಂದ ವಾರದಲ್ಲಿ. ಹಾಸಿಗೆ ಹಾಕಿದ ಮೇಲೂ ಗುನುಗು ಗೋಡೆಯಿಂದ, ನೆಲದಿಂದ, ಕುರ್ಚಿಯ ಕಾಲಿನಿಂದ ಹತ್ತಿಕೊಂಡು ಬರುತ್ತಿತ್ತು. ಆದರೆ ತಂತಿ, ಕಾಗದ, ನೀರಿನ ಸದ್ದುಗಳನ್ನು ಅವನು ಹಿಡಿದಿಡುವ ರೆಕಾರ್ಡಿಂಗಿನಲ್ಲಿ ಮಾತ್ರ ಬರುತ್ತಿರಲಿಲ್ಲ, ಅದೊಂದು ಸಮಾಧಾನ. ಶುರು ಮಾಡುವ ಮೊದಲು ಮನೆಗೆಲ್ಲ ಕೇಳುವ ಹಾಗೆ “ರೆಕಾರ್ಡಿಂಗ್!” ಎಂದು ಕೂಗಿ, ಬಾಗಿಲು ಜಡಿದು, ಹೆಡ್‌ಫೋನು ಹಾಕಿಕೊಂಡನೆಂದರೆ ಕಿವಿಯೊಳಗೆ ಬಾವಿಯ ತಳದಂಥ ನಿಶ್ಶಬ್ದ. ಮುಗಿದ ಮೇಲೆ “ಆಯ್ತು!” ಎಂದು ಕೂಗಬೇಕು, ಎಷ್ಟೋ ಸಲ ಕೂಗಲು ಮರೆಯುತ್ತಿದ್ದ. ಆಕಾಶವಾಣಿಯ ಸ್ಟುಡಿಯೋದ ಇಂಜಿನಿಯರು ಒಮ್ಮೆ, “ಎಲ್ಲಿ ಸಾರ್ ಮಾಡಿಸ್ತೀರಿ ಇದನ್ನ? ನಮ್ಮ ಸ್ಟುಡಿಯೋದಲ್ಲೂ ಇಷ್ಟು ಕ್ಲೀನಾಗಿ ಬರಲ್ಲ,” ಎಂದಿದ್ದ. “ಮನೇಲೇ. ಒಂದು ಹರಕಲು ಹಾಸಿಗೆ ಸಾಕು,” ಎಂದು ಇವನು ಗತ್ತಿನಿಂದ ಹೇಳಿದ್ದ. ಆ ಮಾತು ಹೇಳಿ ಮನೆಗೆ ಬಂದ ದಿನವೋ ಮರುದಿನವೋ, ಹೆಂಡತಿ ಬ್ಯಾಂಕಿನಿಂದ ಬಂದಾಗ ಮೆಷಿನ್ನು ನಿಂತಿತ್ತು, ಮಾವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. “ಕರೆಂಟು ಹೋಗಿತ್ತಮ್ಮಾ,” ಎಂದರು ಮಾವ. ಅವಳು ಇವನ ಕೋಣೆಗೆ ನುಗ್ಗಿ, ಮನೆಯಲ್ಲೇ ಇದ್ದೂ ನೋಡಿಕೊಳ್ಳಲಾಗಲಿಲ್ಲವೇ ಎಂದು ಕೂಗಾಡಿದ್ದಳು. ಇವನಿಗೆ ಕರೆಂಟು ಹೋದದ್ದೇ ಗೊತ್ತಾಗಿರಲಿಲ್ಲ. ಇಡೀ ಮಧ್ಯಾಹ್ನ ರೆಕಾರ್ಡಿಂಗಿನಲ್ಲಿದ್ದೆ, ನನಗೇನು ಗೊತ್ತು ಎಂದು ಅವನೂ ಕೂಗಾಡಿದ್ದ.

ಮೇಜಿನ ಮೇಲೆ ಇವತ್ತಿನ ಕೃತಿ. ಚೆಲ್ಲೋ, ಕ್ಲಾರಿನೆಟ್, ಪಿಯಾನೋ. ಹೆಸರು ‘ಖಾಲಿ’. ಅದರಲ್ಲಿ ತಾಳವಿಲ್ಲ, ಎಣಿಕೆಯಿಲ್ಲ, ಉದ್ದುದ್ದ ಸ್ವರಗಳು, ಅವುಗಳ ನಡುವೆ ಬಿಳಿಯ ಕಾಗದ. ಬಿಳಿಯ ಕಾಗದದ ಮೇಲೆ ಒಂದೇ ಸೂಚನೆ: ಸಾಕು ಅನ್ನಿಸಿದಾಗ ಬನ್ನಿ. ಈ ಒಂದು ಸಾಲಿಗಾಗಿ ಅವನು ವರ್ಷಾನುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಮೂವರೂ ಒಬ್ಬರನ್ನೊಬ್ಬರು ನೋಡದೆ, ಯಾರೂ ಸನ್ನೆ ಮಾಡದೆ, ಒಳಗಿನ ಯಾವುದೋ ಒತ್ತಡಕ್ಕೆ ಒಟ್ಟಿಗೇ ಬರಬೇಕು. ಬರುತ್ತಲೂ ಇದ್ದರು! ಈ ಕೋಣೆಯಲ್ಲೇ, ಸೆಕೆಗೆ ಬಾಗಿಲು ತೆರೆದಿಟ್ಟುಕೊಂಡು ನಡೆಸಿದ ತಾಲೀಮುಗಳಲ್ಲಿ, ಮೂವರೂ ಒಂದೇ ಎದೆಯಿಂದ ಉಸಿರೆಳೆದ ಹಾಗೆ ಬಂದಾಗ ಅವನ ಮೈ ಜುಮ್ಮೆಂದಿತ್ತು. ಅದರ ಬಲದ ಮೇಲೆಯೇ ಕಾರ್ಯಕ್ರಮದ ಕರಪತ್ರದಲ್ಲಿ ಬರೆದಿದ್ದ: ‘ಈ ಕೃತಿಯನ್ನು ಯಾರೂ ನಡೆಸುವುದಿಲ್ಲ; ಮೌನವೇ ನಡೆಸುತ್ತದೆ.’ ಈಗ ಹಾಳೆ ತಿರುವಿ ಮನಸ್ಸಿನೊಳಗೆ ನುಡಿಸಿಕೊಳ್ಳಲು ನೋಡಿದರೆ ಮೊದಲ ಸ್ವರ ಆರಿಹೋಗಿ ಎರಡನೆಯದು ಬರಲೇ ಇಲ್ಲ. ಕಾದ. ಬರಲಿಲ್ಲ. ನಿದ್ದೆಗೆಟ್ಟಿದ್ದೇನೆ, ಅಷ್ಟೇ, ಎಂದುಕೊಂಡ. ಕುರ್ಚಿ ಬದಲಾಯಿಸಿದ. ಕಾಫಿ ಆರಿತ್ತು. ಛೆ, ಎಂದು ಎದ್ದ.

ಸಭಾಂಗಣದ ವ್ಯವಸ್ಥಾಪಕ ಮೆಟ್ಟಿಲಲ್ಲೇ ಹಿಡಿದುಕೊಂಡ. “ಹಾಡೋರು ಎಷ್ಟೊತ್ತಿಗೆ ಬರ್ತಾರೆ ಸಾರ್?”

“ಹಾಡೋರು ಯಾರೂ ಇಲ್ಲ.”

“ಓ, ಬರೀ ವಾದ್ಯಾನಾ. ಭಾಷಣ?”

“ಅದೂ ಇಲ್ಲ.”

“ಹಾಗಾದ್ರೆ ಬೇಗ ಮುಗಿಯುತ್ತೆ ಬಿಡಿ,” ಎಂದು ಅವನು ನಿಜವಾಗಿ ಖುಷಿಪಟ್ಟ. ಹೊಸ ಸಭಾಂಗಣ, ಗೋಡೆಗೆಲ್ಲ ಬಟ್ಟೆ, ನೆಲಕ್ಕೆ ಕಂಬಳಿ, ಏಸಿಯೂ ಸದ್ದು ಮಾಡದಂಥದ್ದು. ಇವನು ಹಟ ಹಿಡಿದು ಇದನ್ನೇ ಗೊತ್ತು ಮಾಡಿದ್ದ. ಊರಿನ ಅತ್ಯಂತ ಸುಮ್ಮನಿರುವ ಕೋಣೆ.

ವೇದಿಕೆಯ ಮೇಲೆ ಮೂವರೂ ಶುರು ಮಾಡಿದರು. ಚೆಲ್ಲೋ ಹುಡುಗಿ ಮೊದಲ ಸ್ವರವನ್ನು ಚೆನ್ನಾಗಿಯೇ ಎಳೆದಳು, ಅದು ತೆಳುವಾಗಿ ಆರಿಹೋಯಿತು, ಎಲ್ಲರೂ ಕಾದರು. ಕಾದರು. ಪಿಯಾನೋದವನು ಗಂಟಲು ಸರಿಮಾಡಿಕೊಂಡು ಒಂದು ಸ್ವರ ಒತ್ತಿದ, ಒತ್ತಿದ್ದಕ್ಕೆ ತಾನೇ ಬೆಚ್ಚಿದ. ಅವನ ಹಿಂದೆಯೇ ಬಸ್ಸು ತಪ್ಪಿದವರ ಹಾಗೆ ಕ್ಲಾರಿನೆಟ್ಟು ಓಡಿಬಂತು. ಚೆಲ್ಲೋ ಹುಡುಗಿ ಕಮಾನು ಎತ್ತಿ, ಇಳಿಸಿ, ಮತ್ತೆ ಎತ್ತಿದಳು.

“ಮೊದಲಿಂದ,” ಎಂದ ಅವನು ಮುಂದಿನ ಸಾಲಿನಿಂದ.

ಮೊದಲಿಂದ ಇನ್ನೂ ಕೆಟ್ಟದಾಗಿತ್ತು. “ಏನಾಗಿದೆ ನಿಮಗೆಲ್ಲ? ಮನೇಲಿ ಬರ್ತಿತ್ತಲ್ಲ! ಎಷ್ಟು ಚೆನ್ನಾಗಿ ಬರ್ತಿತ್ತು!”

“ಅದೇ ಸಾರ್, ಮನೇಲಿ ಗೊತ್ತಾಗ್ತಿತ್ತು,” ಎಂದಳು ಚೆಲ್ಲೋ ಹುಡುಗಿ, ಅಳುವುದಕ್ಕೂ ಬೈಯುವುದಕ್ಕೂ ನಡುವಿನ ದನಿಯಲ್ಲಿ. “ಇಲ್ಲಿ ಯಾವಾಗ ಸಾಕು ಅನ್ನಿಸ್ಬೇಕು ಅಂತಾನೇ ಅನ್ನಿಸ್ತಿಲ್ಲ.”

“ಅನ್ನಿಸೋದನ್ನೂ ನಾನೇ ಹೇಳ್ಕೊಡ್ಲಾ? ಒಳಗೆ ಕೇಳಿಸ್ಕೊಳ್ಳಿ. ಒಳಗೆ!” ತನ್ನ ಕೂಗು ಬಟ್ಟೆಯ ಗೋಡೆಗಳಿಗೆ ಬಡಿದು ಸತ್ತುಹೋದದ್ದು ಅವನಿಗೇ ಕೇಳಿಸಿತು. ಕ್ಲಾರಿನೆಟ್ಟಿನವರು ಹಿಂದೆ ಪೊಲೀಸ್ ಬ್ಯಾಂಡಿನಲ್ಲಿದ್ದವರು, ಎಲ್ಲರೂ ಅವರನ್ನು ಬ್ಯಾಂಡ್ ಮಾಮ ಎನ್ನುತ್ತಿದ್ದರು, ವಾದ್ಯದೊಳಗಿನ ಎಂಜಲನ್ನು ಒರೆಸುತ್ತ ಅವರು ಸಹಜವಾಗಿ ಕೇಳಿದರು: “ಅಲ್ಲ ಸ್ವಾಮಿ, ಆ ಪುಸ್ ಅನ್ನೋದನ್ನ ಯಾಕೆ ತೆಗೆದುಬಿಟ್ರಿ?”

“ಯಾವ ಪುಸ್?”

“ನಿಮ್ಮನೇಲಿ ಹಿಂದ್ಗಡೆ ಬರ್ತಿತ್ತಲ್ಲ. ಗುನುಗುನು ಅಂದು ಪುಸ್ ಅನ್ನೋದು. ನಾನು ಅದನ್ನೇ ಹಿಡ್ಕೊಂಡು ಬರ್ತಿದ್ದೆ. ಬಿಕ್ಕಿದಾಗ ತಡೀತಿದ್ದೆ.”

“ಅಯ್ಯೋ, ನಾನೂನು!” ಎಂದಳು ಚೆಲ್ಲೋ ಹುಡುಗಿ. “ಅದು ನೀವೇ ಇಟ್ಟಿದ್ದು, ಟೇಪಲ್ಲಿ ಹಾಕಿದ್ದು ಅಂದ್ಕೊಂಡಿದ್ದೆ ಸಾರ್. ಎಷ್ಟು ಚೆನ್ನಾಗಿದೆ ಐಡಿಯಾ ಅಂತ ನಮ್ಮಮ್ಮನಿಗೂ ಹೇಳಿದ್ದೆ.” ಪಿಯಾನೋದವನು ತಲೆ ತಗ್ಗಿಸಿದ, ಅವನೂ ಅದೇ ಗಿರಾಕಿ.

ಇವನು ಮುಂದಿನ ಸಾಲಿನಲ್ಲಿ ಕೂತೇ ಇದ್ದ. ಮೌನವೇ ನಡೆಸುತ್ತದೆ! ಕರಪತ್ರ ಅಚ್ಚಾಗಿ ಬಾಗಿಲಲ್ಲಿ ಕಟ್ಟುಕಟ್ಟಾಗಿ ಬಿದ್ದಿದೆ. ಆ ಹಾಳೆಗಳ ಮೇಲೆ ತಾನು ಬಿಟ್ಟ ಬಿಳಿಯ ಜಾಗಗಳನ್ನು ಒಂದೊಂದಾಗಿ ನೆನೆದ. ಇಲ್ಲಿ ಇಷ್ಟು, ಅಲ್ಲಿ ಅಷ್ಟು ಎಂದು ಪೆನ್ಸಿಲು ಕಚ್ಚಿಕೊಂಡು ತೂಗಿ ತೂಗಿ ಬಿಟ್ಟದ್ದು. ಅವನ ಬೆನ್ನಿಗೆ ಆಗ ಪಕ್ಕದ ಕೋಣೆಯಿಂದ ಮುದುಕನೊಬ್ಬನಿಗೆ ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಬಾಯಿಯಲ್ಲಿ ಅದನ್ನು ಶಪಿಸುತ್ತ ಕೈಯಲ್ಲಿ ಅದನ್ನೇ ಬರೆದುಕೊಂಡಿದ್ದ. ಕದ್ದದ್ದೂ ಗೊತ್ತಾಗದ ಕಳ್ಳ; ಸಾಲದ್ದಕ್ಕೆ ಮನೆಯ ಯಜಮಾನನನ್ನೇ ಆಚೆಗೆ ಹಾಕಿ ಬಂದವನು. ಅಳುವಂತಾಗಬೇಕಿತ್ತು. ಬಂದದ್ದು ಮಾತ್ರ ಹಲ್ಲು ಕಚ್ಚುವಂಥ ಸಿಟ್ಟು: ನಿನ್ನೆಯೇ ಹೋಗಬೇಕಿತ್ತೇ ಈ ಮನುಷ್ಯ?

“ನೀವು ಊಟ ಮಾಡ್ಕೊಂಡು ಇಲ್ಲೇ ಇರಿ. ತರ್ತೀನಿ,” ಎಂದ.

“ಏನನ್ನ ಸಾರ್?”

“ಪುಸ್ಸನ್ನ!”

ಹೊರಗೆ ಬಂದು ಬ್ಯಾಂಕಿಗೆ ಫೋನು ಮಾಡಿದ. ಹೆಂಡತಿಯನ್ನು ಕರೆಯುತ್ತೇನೆಂದು ಯಾರೋ ಗುಂಡಿ ಒತ್ತಿದರು, ಒತ್ತಿದೊಡನೆ ಕಿವಿಯಲ್ಲಿ ಹಾಡು ಶುರುವಾಯಿತು. ಆ ಹಾಡು ಅವನದ್ದೇ. ಕಾಯುವ ಗಿರಾಕಿಗಳ ಕಿವಿಗೆಂದು ಬ್ಯಾಂಕಿಗೆ ಮಾಡಿಕೊಟ್ಟ, ಸಕ್ಕರೆ ಪಾಕದಂಥ ಸಣ್ಣ ಟ್ಯೂನು. ಅವನು ಬರೆದದ್ದರಲ್ಲಿ ಊರಿನ ಜನವೆಲ್ಲ ಕೇಳಿರುವುದು ಇದೊಂದನ್ನೇ. ಮಾವ ಇದನ್ನು ಗುನುಗುತ್ತಿದ್ದರು, ಉಸಿರಿದ್ದಷ್ಟು, ಅಭಿಮಾನದಿಂದ. “ಅಳಿಯಂದಿರೇ, ನೀವು ಬರೆದಿರೋದ್ರಲ್ಲಿ ಇದಕ್ಕೆ ಮಾತ್ರ ಹತ್ತೋಕೆ ಇಳಿಯೋಕೆ ಜಾಗ ಇದೆ. ಬೇರೆಯವೆಲ್ಲ ನಿಲ್ಲದ ಗಾಡಿ.” ಟ್ಯೂನು ಮುಗಿದು ಮತ್ತೆ ಮೊದಲಾಯಿತು. ಮೂರನೆಯ ಸುತ್ತಿಗೆ ಅವನಿಗೆ ಫೋನನ್ನು ರಸ್ತೆಗೆ ಬಡಿಯುವಂತಾಗಿತ್ತು.

“ಏನು?” ಎಂದಳು ಹೆಂಡತಿ.

“ನಿನ್ನ ತಮ್ಮನ ಮನೆ ವಿಳಾಸ ಕಳಿಸು. ಮಾವನ್ನ ನೋಡ್ಬೇಕು.”

“ನಿನ್ನೆ ತಾನೇ ಕಳಿಸಿದ್ಯಲ್ಲ. ಇವತ್ತೇನು ಒಮ್ಮೆಗೇ?”

ಅವನು ಹೇಳಿದ. ಸುತ್ತಿ ಬಳಸಿ ಶುರು ಮಾಡಿದರೂ, ಬ್ಯಾಂಡ್ ಮಾಮನ ಪುಸ್ಸಿನ ತನಕ ಎಲ್ಲವನ್ನೂ ಹೇಳಬೇಕಾಯಿತು. ಆ ಕಡೆ ಯಾರೋ ನೋಟು ಎಣಿಸುವ ಯಂತ್ರದ ಫರಫರ. ಆಮೇಲೆ ಅವಳು ಮೆತ್ತಗೆ, ಲೋಟ ಇಟ್ಟ ಹಾಗೆ, ಕೇಳಿದಳು:

“ನಿಂಗೆ ಅಪ್ಪ ಬೇಕಾ, ಮೆಷಿನ್ ಬೇಕಾ?”

“ಎರಡೂ,” ಎಂದ. ಆದರೆ ಅದಕ್ಕೂ ಮೊದಲು ಒಂದು ಬಿಳಿಯ ಜಾಗ ಆಗಿಹೋಗಿತ್ತು, ಕೃತಿಯಲ್ಲಿರುವುದಕ್ಕಿಂತ ಚಿಕ್ಕದೇ, ಆದರೂ ಅವಳಿಗೆ ಕೇಳಿಸಿತ್ತು. ವಿಳಾಸ ಬಂತು. ಬೇರೇನೂ ಬರಲಿಲ್ಲ.

ಟ್ಯಾಕ್ಸಿಯಲ್ಲಿ ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಕೇಳುತ್ತ ಹೋದ. ಎಲ್ಲಾದರೂ ಒಂದು ಕಡೆ ಆ ಗುನುಗು ಸಿಕ್ಕಿದರೆ ಸಾಕು, ಕತ್ತರಿಸಿ ಅಂಟಿಸಿಕೊಂಡು ಅರ್ಧ ದಾರಿಯಲ್ಲೇ ಹಿಂದಿರುಗಬಹುದು, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸಿಗಲಿಲ್ಲ. ಒಂದರಲ್ಲೂ ಇಲ್ಲ. ತಂತಿಯ ಸದ್ದು, ಕಾಗದದ ಸದ್ದು, ನೀರಿನ ಸದ್ದು, ಅವುಗಳ ಹಿಂದೆ ಆ ಪ್ರಸಿದ್ಧ ಬಾವಿಯ ತಳ. ಎಂಥ ಹಾಸಿಗೆಯಪ್ಪಾ ಅದು, ಎಂದು ಮೊದಲ ಸಲ ಅದರ ಮೇಲೂ ಸಿಟ್ಟು ಬಂತು. ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಿಂತಿತು. ಭಾವಮೈದನ ಮನೆಗೆ ಹೋಗಿ ಏನು ಹೇಳುವುದು? ಹೇಗಿದ್ದೀರಿ ಎಂದು ಕೇಳಲು ಬಂದೆ, ಹಾಗೇ ನಿಮ್ಮ ಉಸಿರನ್ನು ಸ್ವಲ್ಪ ತೆಗೆದುಕೊಂಡು ಹೋಗುತ್ತೇನೆ? ಕಾರ್ಯಕ್ರಮಕ್ಕೆ ಬರುತ್ತೇನೆಂದು ಮಾವ ಕಳೆದ ವಾರವೇ ಕೇಳಿದ್ದರು. ಮೆಷಿನ್ನಿನ ಸದ್ದು ಆಗುತ್ತದಲ್ಲ ಎಂದು ಇವನು ಗೋಡೆ ನೋಡಿಕೊಂಡು ಹೇಳಿದ್ದ. “ಕೊನೇ ಸಾಲಲ್ಲಿ ಕೂತ್ಕೊಂಡು ಆಫ್ ಮಾಡ್ಕೋತೀನಿ ಅಳಿಯಂದಿರೇ. ನಂಗೇನು, ಅಭ್ಯಾಸ ಇದೆ,” ಎಂದಿದ್ದರು. ಎಂಥ ಅಭ್ಯಾಸ ಎಂದು ಇವನು ಕೇಳಲಿಲ್ಲ. ಮುದುಕರು ಏನೇನೋ ಹೇಳುತ್ತಾರೆ. ದೀಪ ಹಸಿರಾದರೂ ಮುಂದಿನ ಲಾರಿ ಅಲ್ಲಾಡಲಿಲ್ಲ. “ಹಾರ್ನ್ ಮಾಡ್ರೀ!” ಎಂದು ಅವನು, ಹಾರ್ನಿನ ವಿರುದ್ಧ ಪತ್ರಿಕೆಗೆ ಲೇಖನ ಬರೆದವನು, ಚಾಲಕನ ಮೇಲೆ ಕಿರುಚಿದ.

ಬಾಗಿಲು ತೆಗೆದವಳು ಭಾವಮೈದನ ಹೆಂಡತಿ. “ಓಹೋ, ಬಂದ್ರಲ್ಲ! ಮಾವಯ್ಯಾ, ನೀವೇ ಗೆದ್ರಿ,” ಎಂದು ಒಳಗೆ ಕೂಗಿದಳು. “ಬೆಳಿಗ್ಗೆಯಿಂದ ಒಂದೇ ಸಮ, ಅಳಿಯಂದಿರು ಬರ್ತಾರೆ, ಕಾರ್ಯಕ್ರಮಕ್ಕೆ ಕರ್ಕೊಂಡು ಹೋಗ್ತಾರೆ ಅಂತ. ನಾನು, ಇವತ್ತು ಅವರಿಗೆಲ್ಲಿ ಪುರುಸೊತ್ತು, ಸುಮ್ನಿರಿ ಅಂತಿದ್ದೆ.”

ಮಾವ ನಡುಮನೆಯ ಕಿಟಕಿಯ ಹತ್ತಿರ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕುತ್ತಿಗೆಯವರೆಗೆ ಗುಂಡಿ ಹಾಕಿ, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಎದುರಿಗೆ ಟೀವಿ ಅರಚುತ್ತಿತ್ತು. ಕಾಲ ಬುಡದಲ್ಲಿ ಅದು: ಗುನುಗು, ಗುನುಗು, ಪುಸ್. ಬಿಕ್ಕಿತು. ಮತ್ತೆ ಗುನುಗಲು ಹಿಡಿಯಿತು. ಅವನ ಮೈಯ ಯಾವುದೋ ಮೂಳೆ ತನ್ನ ಜಾಗಕ್ಕೆ ಕೂತ ಹಾಗಾಗಿ, ಬಾಗಿಲಲ್ಲೇ, ಚಪ್ಪಲಿಯನ್ನೂ ಬಿಡದೆ, ಎರಡನೆಯ ಸ್ವರ ಎಲ್ಲಿ ಬರಬೇಕೆಂದು ಸ್ಪಷ್ಟವಾಗಿ ಕೇಳಿಸಿತು. ಕಣ್ಣು ತುಂಬಿತು, ಯಾಕೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದಕ್ಕೆ ಅಸಹ್ಯವೂ ಆಯಿತು. ಮಾವ ಮಾತ್ರ ಆ ಕಣ್ಣನ್ನು ನೋಡಿ ಬೇರೆಯೇ ತಿಳಿದುಕೊಂಡರು.

“ಒಂದೇ ದಿನಕ್ಕೇ ಇಷ್ಟಾ?” ಎಂದರು, ಸಂಕೋಚದಿಂದ ನಗುತ್ತ. “ಕೂತ್ಕೊಳ್ಳಿ. ಗಾಡಿ ಹೊರಡೋಕೆ ಇನ್ನೂ ಹೊತ್ತಿದೆ ತಾನೇ?”

“ಹೊತ್ತಿದೆ ಮಾವ.” ಈಗ ಹೇಳಬೇಕು. ಹೇಳಿಬಿಡುವುದೇ ಒಳ್ಳೆಯದು, ಹೆಂಡತಿ ಹೇಗೂ ಹೇಳುತ್ತಾಳೆ. ಮಾವ, ನಿಮ್ಮನ್ನು ಕರೆಯಲು ಬಂದದ್ದಲ್ಲ. ಇಲ್ಲ, ಹಾಗಲ್ಲ. ಮಾವ, ನಿಮ್ಮ ಈ ಮೆಷಿನ್ನಿದೆಯಲ್ಲ. ವಾಕ್ಯಗಳು ಬಾಯಿಯವರೆಗೆ ಬಂದು ತಾಲೀಮಿನಲ್ಲಿ ಆ ಹುಡುಗಿಯ ಕಮಾನಿನ ಹಾಗೆ ಎದ್ದು ಇಳಿದವು. ಭಾವಮೈದನ ಹೆಂಡತಿ ಟೀ ತರುತ್ತೇನೆಂದು ಒಳಗೆ ಹೋದಳು. ಮೊದಲು ಕೆಲಸ ಮುಗಿಸಿಬಿಡೋಣ, ಮಾತು ಆಮೇಲೆ, ದಾರಿಯಲ್ಲಿ, ಎಂದುಕೊಂಡ. ಚೀಲದಿಂದ ರೆಕಾರ್ಡರನ್ನು ತೆಗೆದು ಸ್ಟೂಲಿನ ಮೇಲೆ, ಮೆಷಿನ್ನಿನ ಕಡೆಗೆ ಮುಖ ಮಾಡಿ ಇಟ್ಟ. ಹೆಡ್‌ಫೋನು ತಂದಿರಲಿಲ್ಲ. ಕೈ ತಾನಾಗಿಯೇ ಕೆಂಪು ಗುಂಡಿ ಒತ್ತಿತು, ಬಾಯಿ ತಾನಾಗಿಯೇ, ಎಂದಿನ ಹಾಗೆ, ಹೇಳಿತು:

“ರೆಕಾರ್ಡಿಂಗ್.”

ಮಾವ ರಿಮೋಟು ಒತ್ತಿ ಟೀವಿ ನಿಲ್ಲಿಸಿದರು. ಅಡುಗೆಮನೆಯ ಕಡೆ ಕೈಯಾಡಿಸಿ, ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಬಗ್ಗಿದರು, ಹುಡುಕದೆ, ನೋಡದೆ, ಕತ್ತಲಲ್ಲಿ ಮನೆಯ ಮೆಟ್ಟಿಲು ಇಳಿಯುವವರ ಹಾಗೆ. ಟಕ್ ಎಂದು ಮೆಷಿನ್ನಿನ ಸ್ವಿಚ್ಚು ಆರಿಸಿದರು.

ಗುನುಗು ನಿಂತಿತು. ಡಬ್ಬದೊಳಗೆ ಉಳಿದಿದ್ದ ಗಾಳಿ ಉದ್ದವಾಗಿ, ತೆಳುವಾಗಿ ಹೊರಗೆ ಬಂದು ಮುಗಿಯಿತು. ಆಮೇಲೆ ಕೋಣೆಯೊಳಗೆ ಬಂದದ್ದು ಅವನಿಗೆ ಚೆನ್ನಾಗಿ ಪರಿಚಯವಿತ್ತು. ಬಾವಿಯ ತಳ. ಸ್ಟುಡಿಯೋದ ಇಂಜಿನಿಯರು ತಲೆದೂಗಿದ್ದು, ಹರಕಲು ಹಾಸಿಗೆಯ ಮಹಿಮೆ, ಆ ಎಲ್ಲ ತಂತಿ, ಕಾಗದ, ನೀರುಗಳ ಹಿಂದೆ ಇದ್ದದ್ದು, ಇದೇ. ಅಲ್ಲೂ ಹೀಗೇ ಟಕ್ ಎಂದಿರಬೇಕು, ಪ್ರತಿ ಸಲವೂ, ಹೆಡ್‌ಫೋನು ಹಾಕಿಕೊಂಡವನಿಗೆ ಕೇಳಿಸದೆ. ಆಮೇಲೆ ಆ ಮಂಚದ ತಗ್ಗಿನಲ್ಲಿ ಕೂತು, “ಆಯ್ತು!” ಎಂಬ ಕೂಗಿಗೆ ಕಾಯುವುದು. ಕೂಗಲು ಮರೆತ ಮಧ್ಯಾಹ್ನಗಳು. ಕರೆಂಟು ಹೋಗಿತ್ತಮ್ಮಾ.

ಮಾವ ನೆಟ್ಟಗೆ ಕೂತಿದ್ದರು, ಗುಂಪಿನ ಫೋಟೋಗೆ ಕೂತವರ ಹಾಗೆ, ಕೈಗಳನ್ನು ಮೊಣಕಾಲ ಮೇಲಿಟ್ಟು. ಬಿಳಿಯ ಅಂಗಿಯೊಳಗೆ ಭುಜಗಳು ಸಣ್ಣಗೆ ಏಳುತ್ತ ಇಳಿಯುತ್ತ ಇದ್ದವು. ಬಾಯಿ ತುಸು ತೆರೆದಿತ್ತು. ಉಸಿರು ಕೇಳಿಸಬಾರದೆಂದು ಅದನ್ನು ಅಗಲವಾಗಿ, ನಿಧಾನವಾಗಿ ಬಿಡುತ್ತಿದ್ದರು, ಅದನ್ನೂ ಯಾವತ್ತೋ ಕಲಿತುಕೊಂಡಿದ್ದ ನೈಪುಣ್ಯದಿಂದ. ಕಣ್ಣಲ್ಲಿ ನಗು. ಕೈಯೆತ್ತಿ, ನಡೆಯಲಿ ನಡೆಯಲಿ ಎಂದು ಸನ್ನೆ ಮಾಡಿದರು. ಸ್ಟೂಲಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಮತ್ತು ಅವನು, ಬಾಯಿ ತೆರೆದು ಒಂದೇ ಒಂದು ಪದ ಹೇಳಬೇಕಾದವನು, ಹೇಳದೆ, ಕೇಳಿಸಿಕೊಳ್ಳುತ್ತಿದ್ದ. ಅಭ್ಯಾಸವಾಗಿಹೋದ ಕಿವಿ ಆ ನಿಶ್ಶಬ್ದವನ್ನು ತೂಗುತ್ತಿತ್ತು, ಎಷ್ಟು ಚೆನ್ನಾಗಿದೆ ಎನ್ನುತ್ತಿತ್ತು, ಇನ್ನೂ ಸ್ವಲ್ಪ ಎನ್ನುತ್ತಿತ್ತು. ಮಾವನ ತುಟಿಯ ಅಂಚಿಗೆ ಬೂದಿಯ ಬಣ್ಣ ಇಳಿಯತೊಡಗಿತ್ತು. ಇದು ಕಾಗದವಲ್ಲ, ಸಾಕು ಅನ್ನಿಸಬೇಕಾದವನು ತಾನು, ಬರಬೇಕಾದವನು ತಾನು, ಎಂದು ತಲೆಗೆ ಹೊಳೆದು ಅದು ನಾಲಿಗೆಗೆ ಇಳಿಯುವಷ್ಟರಲ್ಲಿ ಇನ್ನೊಂದು ಉಸಿರು ಎದ್ದು ಇಳಿಯಿತು.

“ಹಾಕಿ ಮಾವ!” ಎಂದ. ಕೂಗಿದ. “ಹಾಕಿ, ಮೊದಲು ಅದನ್ನ ಹಾಕಿ!” ಮಾವ ಬಗ್ಗುವ ಮೊದಲೇ ತಾನೇ ಮಂಡಿಯೂರಿ ಸ್ವಿಚ್ಚಿಗೆ ತಡಕಾಡಿದ, ಎಲ್ಲಿದೆಯೆಂದು ಗೊತ್ತಿರಲಿಲ್ಲ, ಇಷ್ಟು ವರ್ಷವಾದರೂ ಗೊತ್ತಿರಲಿಲ್ಲ, ಮುದುಕನ ಬೆರಳೇ ಬಂದು ಅವನ ಬೆರಳನ್ನು ಹಿಡಿದು ಅಲ್ಲಿಗೆ ಒಯ್ದಿತು. ಟಕ್. ಗುನುಗು. ಗುನುಗು. ಪುಸ್.

ಭಾವಮೈದನ ಹೆಂಡತಿ ಟೀ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಾವ ನಳಿಕೆಯನ್ನು ಮೂಗಿಗೆ ಒತ್ತಿಕೊಂಡು ಉದ್ದಕ್ಕೆ ಎಳೆದುಕೊಂಡರು, ಇನ್ನೊಮ್ಮೆ ಎಳೆದುಕೊಂಡರು, ಮಾತು ಬರುವಷ್ಟು ಬಂದ ಮೇಲೆ, ನೆಲದ ಮೇಲೆ ಕೂತೇ ಇದ್ದ ಅಳಿಯನ ಕಡೆ ಬಾಗಿ, ಗುಟ್ಟು ಕೇಳುವವರ ಹಾಗೆ ಕೇಳಿದರು:

“ಇಷ್ಟು ಬೇಗಾನಾ? ಇನ್ನೂ ಹಿಡೀತಿದ್ದೆ ನಾನು. ಸರಿಯಾಗಿ ಬಂತಾ?”